ರೈವಿಂಗ್ ನೈಫ್ ಅಡ್ಡ ಬರುತ್ತಿದೆಯೇ? ಬಿಚ್ಚಬೇಡಿ, ನೇರ ಮಾಡಿ

ಜೋಗೇಶ್ವರಿ ಪಶ್ಚಿಮದಲ್ಲಿ ಎಸ್.ವಿ. ರೋಡ್ ಬಿಟ್ಟು ರಿಲೀಫ್ ರೋಡಿನ ಕಡೆ ತಿರುಗಿದರೆ ಓಶಿವಾರದ ಫರ್ನಿಚರ್ ಮಾರ್ಕೆಟ್. ಕೆಡವಿದ ಬಂಗಲೆಗಳಿಂದ ಇಳಿದುಬಂದ ತೇಗದ ಬಾಗಿಲು, ಸಿನಿಮಾ ಸೆಟ್ಟಿಗೆ ಬಾಡಿಗೆಗೆ ಹೋಗುವ ಸಿಂಹಾಸನ, ಮೊನ್ನೆ ಮಾಡಿ ಇವತ್ತು ಪಾಲಿಶ್ ಹಚ್ಚಿ ನೂರು ವರ್ಷ ಹಳತಾಗಿಸಿದ ಮೇಜು, ಎಲ್ಲವೂ ಒಂದೇ ಸಾಲಿನಲ್ಲಿ ಸಿಗುವ ಜಾಗ. ಮುಂದುಗಡೆ ಸೋಫಾ, ಹಿಂದುಗಡೆ ಶೆಡ್ಡು, ಶೆಡ್ಡಿನೊಳಗೆ ಟೇಬಲ್ ಸಾ. ಉತ್ತರ ಪ್ರದೇಶದವರೂ ರಾಜಸ್ಥಾನದವರೂ ಕೆಲಸ ಮಾಡುವ ಈ ಮುಂಬಯಿಯ ಮರಗೆಲಸದಲ್ಲಿ ನಮ್ಮ ಕರಾವಳಿಯ ಆಚಾರಿಗಳ ಕೈಯೂ ಉಂಟು.

ಇಂಥ ಯಾವುದೇ ಶೆಡ್ಡಿಗೆ ಹೋಗಿ, ಬ್ಲೇಡಿನ ಹಿಂದೆ ಇರಬೇಕಾದ ಉಕ್ಕಿನ ಪಟ್ಟಿ, ಅಂದರೆ ರೈವಿಂಗ್ ನೈಫ್, ಎಲ್ಲಿ ಎಂದು ಕೇಳಿ ನೋಡಿ. ಗೋಡೆಯ ಮೊಳೆಗೆ ತೂಗುಬಿಟ್ಟಿರುತ್ತಾರೆ, ಇಲ್ಲವೇ ಮಶೀನು ಬಂದ ಡಬ್ಬಿಯೊಳಗೇ ಅದು ಮಲಗಿರುತ್ತದೆ. ಯಾಕೆ ಎಂದರೆ ಎಲ್ಲ ಭಾಷೆಯಲ್ಲೂ ಒಂದೇ ಉತ್ತರ: ಅಡ್ಡ ಬರುತ್ತದೆ, ಮಾಲು ಸಿಕ್ಕಿಹಾಕಿಕೊಳ್ಳುತ್ತದೆ.

ದೂರು ಸುಳ್ಳಲ್ಲ. ಆದರೆ ಅಡ್ಡ ಬರುವುದು ನೈಫಿನ ಸ್ವಭಾವವಲ್ಲ. ಅದು ಸೊಟ್ಟ ಕೂತಿದೆ, ಅಥವಾ ಬ್ಲೇಡಿಗೆ ಹೊಂದದ ದಪ್ಪದ್ದಾಗಿದೆ. ಸರಿಯಾಗಿ ಕೂರಿಸಿದ ನೈಫ್ ಇದೆಯೆಂಬುದೇ ಕೆಲಸಗಾರನಿಗೆ ಮರೆತುಹೋಗುತ್ತದೆ. ಕೂರಿಸುವುದು ಹೇಗೆ ಎಂಬುದಕ್ಕೆ ಈ ಸೂತ್ರಗಳು.

1. ಅದು ಅಲ್ಲಿ ಯಾಕಿದೆ ಎಂದು ಮೊದಲು ತಿಳಿಯಿರಿ

ಟೇಬಲ್ ಸಾ ಬ್ಲೇಡಿನ ಮುಂದಿನ ಹಲ್ಲು ಕೆಳಗಿಳಿಯುತ್ತದೆ, ಹಲಗೆಯನ್ನು ಮೇಜಿಗೆ ಒತ್ತಿ ಕೊಯ್ಯುತ್ತದೆ. ಹಿಂದಿನ ಹಲ್ಲು ಮೇಲೇರುತ್ತದೆ. ಕೊಯ್ದ ಹಲಗೆ ಹಿಂದುಗಡೆ ಆ ಏರುವ ಹಲ್ಲಿಗೆ ತಾಗಿದರೆ ಹಲ್ಲು ಅದನ್ನು ಎತ್ತಿಕೊಂಡು ಬ್ಲೇಡಿನ ಮೇಲಿಂದ ನಿಮ್ಮತ್ತಲೇ ಎಸೆಯುತ್ತದೆ. ಇದೇ ಕಿಕ್‌ಬ್ಯಾಕ್. 10 ಇಂಚಿನ, ಅಂದರೆ 254 ಮಿ.ಮೀ. ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ತುದಿಯ ವೇಗ ಸೆಕೆಂಡಿಗೆ 53 ಮೀಟರ್, ಗಂಟೆಗೆ ಸುಮಾರು 190 ಕಿ.ಮೀ. ಜೋಗೇಶ್ವರಿಯಲ್ಲಿ ನಿಲ್ಲದೆ ಧಡಧಡ ಹಾಯುವ ಫಾಸ್ಟ್ ಲೋಕಲ್ ಕೂಡ ಇದರ ಅರ್ಧದಷ್ಟು ವೇಗದ ಆಸುಪಾಸಿನಲ್ಲೇ ಇರುತ್ತದೆ.

ಹಲಗೆ ಹಿಂದಿನ ಹಲ್ಲಿಗೆ ತಾಗುವುದು ಎರಡು ಕಾರಣಕ್ಕೆ. ಒಂದು, ಮರದೊಳಗಿನ ಬಿಗಿ ಸಡಿಲಗೊಂಡು ಸೀಳು ಮುಚ್ಚಿಕೊಳ್ಳುವುದು. ಇನ್ನೊಂದು, ಹಲಗೆ ತನ್ನನ್ನು ನೇರ ಹಿಡಿಯುವ ಪಕ್ಕದ ಫೆನ್ಸಿನಿಂದ ಜಾರಿ ಓರೆಯಾಗುವುದು. ನೈಫ್ ಎರಡನ್ನೂ ತಡೆಯುತ್ತದೆ. ದೊಡ್ಡ ಗರಗಸ ಹಿಡಿದು ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ದಿಮ್ಮಿ ಸೀಳುತ್ತಿದ್ದವರು ಸೀಳು ಬಿಗಿಯದಿರಲಿ ಎಂದು ಹಿಂದಿನಿಂದ ಬೆಣೆ ಹೊಡೆಯುತ್ತ ಹೋಗುತ್ತಿದ್ದರು. ಆ ಬೆಣೆಯ ಕೆಲಸವೇ ಇದು, ಮಶೀನಿನ ಜೊತೆಗೇ ಬಂದಿದೆ.

2. ಪ್ಲಗ್ ಕೀಳಿರಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನು ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೇ ಇಟ್ಟುಕೊಳ್ಳಿ. ಮೂರು ಜನ ಓಡಾಡುವ ಶೆಡ್ಡಿನಲ್ಲಿ ಯಾರೋ ಒಬ್ಬ ಫ್ಯಾನಿನ ಸ್ವಿಚ್ ಹುಡುಕುತ್ತಿರುತ್ತಾನೆ.

3. ಮೂರು ಅಳತೆ ತೆಗೆಯದೆ ಪಾನಾ ಮುಟ್ಟಬೇಡಿ

ಅರ್ಧಕ್ಕರ್ಧ ತಕರಾರು ಇಲ್ಲೇ ಮುಗಿಯುತ್ತದೆ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ಮೊದಲು ಬ್ಲೇಡಿನ ಹಲ್ಲಿನ ಅಗಲ ಅಳೆಯಿರಿ. ಸೀಳು ಇಷ್ಟೇ ಅಗಲ ಬೀಳುತ್ತದೆ. ಆಮೇಲೆ ಬ್ಲೇಡಿನ ಮೈಯ ದಪ್ಪ, ಕೊನೆಗೆ ನೈಫಿನ ದಪ್ಪ. ನಿಯಮ ಒಂದೇ: ನೈಫ್ ಬ್ಲೇಡಿನ ಮೈಗಿಂತ ದಪ್ಪ ಇರಬೇಕು, ಹಲ್ಲಿನ ಅಗಲಕ್ಕಿಂತ ತೆಳು ಇರಬೇಕು.

ಉದಾಹರಣೆಗೆ ಹಲ್ಲು 2.8, ಮೈ 1.8, ನೈಫ್ 2.3 ಮಿ.ಮೀ. ಇದ್ದರೆ ಜೋಡಿ ಹೊಂದಿತು. ಅದೇ ನೈಫಿನ ಮುಂದೆ 2.2ರ ತೆಳು ಹಲ್ಲಿನ ಬ್ಲೇಡು ಹಾಕಿದಿರೋ, ಹಲಗೆ ನೈಫಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ನೀವು ಎಷ್ಟು ನೇರ ಮಾಡಿದರೂ ಅದು ಹೋಗುವುದಿಲ್ಲ, ಹೋಗಲು ದಾರಿಯೇ ಇಲ್ಲ. ತಿರುಗಾಮುರುಗಾ ಆದರೆ, ಅಂದರೆ ಹಲ್ಲು 3.2 ಇದ್ದು ನೈಫ್ 1.8 ಆದರೆ, ಮಾಲು ಸುಸೂತ್ರ ಓಡುತ್ತದೆ. ಎಲ್ಲರಿಗೂ ಖುಷಿ. ಆದರೆ ಸೀಳು ಮುಚ್ಚಿಕೊಂಡಾಗ ಇಂಥ ನೈಫ್ ಇದ್ದೂ ಇಲ್ಲದ ಹಾಗೆ.

ಬ್ಲೇಡಿನ ಮೇಲೆ ಸಾಮಾನ್ಯವಾಗಿ ಈ ಅಳತೆಗಳು ಅಚ್ಚಾಗಿರುತ್ತವೆ: ವ್ಯಾಸ, ಹಲ್ಲಿನ ಅಗಲ, ಮೈಯ ದಪ್ಪ, ನಡುವಿನ ತೂತು. ನೈಫಿನ ಮೇಲೂ ಅದರ ದಪ್ಪ ಮತ್ತು ಒಪ್ಪುವ ಬ್ಲೇಡಿನ ಅಳತೆ ಕೊರೆದಿರುತ್ತದೆ. ಬ್ಲೇಡು ಕೊಳ್ಳಲು ಹೋಗುವಾಗ ಅದರ ಫೋಟೊ ಮೊಬೈಲಿನಲ್ಲಿರಲಿ. ಅಂಗಡಿಯವನು ‘ಹತ್ತಿಂಚಿಂದು, ಎಲ್ಲದಕ್ಕೂ ಆಗುತ್ತೆ’ ಅಂದರೆ ನಂಬಬೇಡಿ. ಮಶೀನಿಗೆ ಆಗುತ್ತದೆ, ನೈಫಿಗೆ ಆಗಬೇಕೆಂದಿಲ್ಲ.

4. ಮೊದಲು ಬ್ಲೇಡು, ಆಮೇಲೆ ಫೆನ್ಸು, ಕೊನೆಗೆ ನೈಫು

ಈ ಅನುಕ್ರಮ ತಪ್ಪಿಸಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಬ್ಲೇಡೇ ಓರೆಯಾಗಿದ್ದು ನೀವು ನೈಫನ್ನು ಅದಕ್ಕೆ ಹೊಂದಿಸಿದರೆ ನೈಫೂ ಓರೆಯಾಗುತ್ತದೆ.

ಮೇಜಿನಲ್ಲಿ ಮೈಟರ್ ಗೇಜ್ ಜಾರುವ ಸ್ಲಾಟನ್ನು ಆಧಾರ ಮಾಡಿಕೊಳ್ಳಿ. ಬ್ಲೇಡಿನ ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಅದನ್ನು ಮುಂದೆ ತಂದು ಸ್ಲಾಟಿನಿಂದ ಎಷ್ಟು ದೂರ ಎಂದು ಅಳೆಯಿರಿ, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಿರಿ. ಅದೇ ಹಲ್ಲು ಯಾಕೆಂದರೆ, ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಅಲುಗಾಟವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಎರಡರ ನಡುವಿನ ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಮುಂದೆ ಹೋಗಬಹುದು. ಆಮೇಲೆ ಫೆನ್ಸ್ ಕೂಡ ಅದೇ ಸ್ಲಾಟಿಗೆ ಸಮಾನಾಂತರ ಮಾಡಿ. ಹಿಂದಿನ ತುದಿ ಕೂದಲೆಳೆಯಷ್ಟು ಹೊರಗಿದ್ದರೆ ಅಡ್ಡಿಯಿಲ್ಲ, ಒಳಗಂತೂ ಬರಕೂಡದು. ಒಳಗೆ ಬಂದರೆ ಫೆನ್ಸೇ ಹಲಗೆಯನ್ನು ಹಿಂದಿನ ಹಲ್ಲಿಗೆ ದೂಡುತ್ತದೆ. ಆಗ ಬೈಗಳು ನೈಫಿಗೆ ಬೀಳುತ್ತವೆ.

5. ಹಿಡಿಕೆಯ ಬಾಯಿ ಒರೆಸಿ

ನೈಫನ್ನು ಹಿಡಿದಿರುವ ಕ್ಲಾಂಪಿನೊಳಗೆ ಮರದ ಹುಡಿ, ಅಂಟು, ಫೆವಿಕಾಲಿನ ಚೂರು ಎಲ್ಲ ಸೇರಿ ಗಟ್ಟಿಯಾಗಿರುತ್ತವೆ. ಕೆಳಗೆ ಕಾಲು ಮಿಲಿಮೀಟರು ಕಸ ಕೂತರೆ ಮೇಲೆ ತುದಿಯಲ್ಲಿ ನೈಫ್ ಮಿಲಿಮೀಟರಿಗೂ ಹೆಚ್ಚು ವಾಲಬಹುದು. ಬಿಚ್ಚಿ, ಗಡಸು ಬ್ರಶ್ಶಿನಿಂದ ಉಜ್ಜಿ, ಸೀಮೆಎಣ್ಣೆ ಅಥವಾ ಥಿನ್ನರ್ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ. ಎಷ್ಟೋ ಮಶೀನುಗಳಿಗೆ ಇಷ್ಟೇ ಸಾಕು. ಎಂಟನೆಯ ಸೂತ್ರದ ಗೋಜೇ ಬೇಡ.

6. ನೈಫ್ ತಾನೇ ನೆಟ್ಟಗಿದೆಯೇ?

ಬಿಚ್ಚಿದ್ದೀರಲ್ಲ, ಮತ್ತೆ ಕೂರಿಸುವ ಮೊದಲು ದಪ್ಪ ಗಾಜಿನ ಮೇಲೋ ಗ್ರಾನೈಟ್ ಚಪ್ಪಡಿಯ ಮೇಲೋ ಅದನ್ನು ಮಲಗಿಸಿ ನೋಡಿ. ಓಶಿವಾರದಲ್ಲಿ ಟೀಪಾಯಿಯ ಗಾಜಿಗೆ ಬರವಿಲ್ಲ. ಮೂಲೆ ಒತ್ತಿದಾಗ ಟಕಟಕ ಅಂದರೆ ಬಾಗಿದೆ ಎಂದರ್ಥ. ಅಂಚಿನಲ್ಲಿ ಬೆರಳಿಗೆ ತಡೆಯುವ ಏಣು ಇದ್ದರೆ ಸಣ್ಣ ಅರದಿಂದ ಸವರಿ ತೆಗೆಯಿರಿ. ಬಾಗಿದ್ದರೆ ಸುತ್ತಿಗೆಯಿಂದ ತಟ್ಟಿ ನೇರ ಮಾಡುವುದಕ್ಕಿಂತ ಮಶೀನಿನ ಮಾಡೆಲ್ ಸಂಖ್ಯೆ ಹೇಳಿ ಹೊಸದು ತರಿಸುವುದೇ ಲೇಸು. ಒಂದು ಮಾಡೆಲಿನ ನೈಫ್ ಇನ್ನೊಂದಕ್ಕೆ ಕೂರುವುದಿಲ್ಲ. ಕೂರಿಸಬೇಕೆಂದು ತೂತು ದೊಡ್ಡದು ಮಾಡುವವರೂ ಇದ್ದಾರೆ, ಅವರಿಗೆ ಈ ಲೇಖನದಿಂದ ಏನೂ ಪ್ರಯೋಜನವಿಲ್ಲ.

7. ಕಾಗದದಿಂದ ಅಳೆಯಿರಿ

ಇದೇ ನಿಜವಾದ ಹೊಂದಾಣಿಕೆ. ಬ್ಲೇಡನ್ನು ಪೂರ್ತಿ ಮೇಲಕ್ಕೆ ಎತ್ತಿ. ನೇರವಾದ ಉಕ್ಕಿನ ಸ್ಕೇಲನ್ನು ಮೇಜಿನ ಮೇಲೆ, ಬ್ಲೇಡಿನ ಬಲಗಡೆ, ಮುಂದಿನ ಒಂದು ಹಲ್ಲಿಗೂ ಹಿಂದಿನ ಒಂದು ಹಲ್ಲಿಗೂ ತಾಗುವಂತೆ ಇಡಿ. ಎರಡೂ ಹಲ್ಲಿನ ಮೊನೆ ಬಲಕ್ಕೇ ಇರುವಂತೆ ನೋಡಿಕೊಳ್ಳಿ. ಸ್ಕೇಲು ಹಿಂದಕ್ಕೆ ಚಾಚಿ ನೈಫನ್ನು ದಾಟಿರಬೇಕು. ಸ್ಕೇಲಿಗೂ ನೈಫಿಗೂ ನಡುವೆ ಸಣ್ಣ ಸಂದು ಕಾಣಬೇಕು. ಈಗ ಎಡಗಡೆಯಿಂದಲೂ ಹಾಗೆಯೇ ನೋಡಿ. ಎರಡೂ ಕಡೆಯ ಸಂದು ಒಂದೇ ಸಮ ಇದ್ದರೆ ನೈಫ್ ಸೀಳಿನ ನಟ್ಟನಡುವೆ ಇದೆ.

ಸಂದನ್ನು ಅಳೆಯಲು ಫೀಲರ್ ಗೇಜ್ ಇಲ್ಲದಿದ್ದರೆ ಬಿಲ್ ಮುದ್ರಿಸುವ ಕಾಗದ ಸಾಕು. 80 ಜಿ.ಎಸ್.ಎಮ್. ಕಾಗದದ ದಪ್ಪ ಸುಮಾರು 0.1 ಮಿ.ಮೀ. ಮೊದಲಿನ ಉದಾಹರಣೆಯಲ್ಲಿ ಹಲ್ಲು 2.8, ನೈಫ್ 2.3. ಒಟ್ಟು ಬಿಡುವು 0.5, ಒಂದೊಂದು ಕಡೆಗೆ 0.25. ಎರಡು ಹಾಳೆ ಒಟ್ಟಿಗೆ ತೂರಬೇಕು, ಮೂರು ತೂರಬಾರದು. ಇದನ್ನು ಮೇಜಿನ ಮಟ್ಟದಲ್ಲಿ ಒಮ್ಮೆ, ನೈಫಿನ ಮೇಲ್ತುದಿಯ ಹತ್ತಿರ ಒಮ್ಮೆ ಮಾಡಿ. ಮುಂದಂಚಿನಲ್ಲಿ ಒಮ್ಮೆ, ಹಿಂದಂಚಿನಲ್ಲಿ ಒಮ್ಮೆ. ನಾಲ್ಕು ಕಡೆಯ ಲೆಕ್ಕ ಒಂದು ಪ್ಲೈ ಚೂರಿನ ಮೇಲೆ ಬರೆದುಕೊಳ್ಳಿ, ನೆನಪಿನಲ್ಲಿಟ್ಟುಕೊಳ್ಳುವ ಸಾಹಸ ಬೇಡ.

8. ಸೊಟ್ಟದಲ್ಲಿ ಮೂರು ಬಗೆ, ಮದ್ದೂ ಮೂರು

ಬರೆದುಕೊಂಡ ನಾಲ್ಕು ಲೆಕ್ಕವೇ ರೋಗ ಯಾವುದೆಂದು ಹೇಳುತ್ತದೆ.

ಬಲಗಡೆ ಎಲ್ಲ ಕಡೆಯೂ ಕಡಿಮೆ, ಎಡಗಡೆ ಎಲ್ಲ ಕಡೆಯೂ ಹೆಚ್ಚು: ನೈಫ್ ಇಡಿಯಾಗಿ ಬಲಕ್ಕೆ ಸರಿದಿದೆ. ಸ್ಕ್ರೂಗಳಿಂದ ಸರಿಸಬಹುದಾದ ಮಶೀನಾದರೆ ಕೈಪಿಡಿಯಲ್ಲಿ ಹೇಳಿದ ಸ್ಕ್ರೂ ಸಡಿಲಿಸಿ ಸರಿಸಿ. ಇಲ್ಲದಿದ್ದರೆ ಕ್ಲಾಂಪು ಮತ್ತು ನೈಫಿನ ನಡುವೆ ತೆಳು ತಗಡಿನ ಶಿಮ್ ಇಡಿ. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನು ಕತ್ತರಿಸಿದರೆ ಸುಮಾರು 0.1 ಮಿ.ಮೀ. ದಪ್ಪದ ಶಿಮ್ ಪುಕ್ಕಟೆ. ಕಾಗದವನ್ನೇ ಶಿಮ್ ಮಾಡಿ ಬಿಡಬೇಡಿ, ಮುಂಬಯಿಯ ಜೂನ್ ತಿಂಗಳು ಅದನ್ನು ಉಬ್ಬಿಸಿ, ಕೊಳೆಸಿ, ನಿಮ್ಮ ಅಳತೆಯನ್ನು ತಿಂದುಹಾಕುತ್ತದೆ. ಶಿಮ್ ಇಟ್ಟ ಮೇಲೂ ನೈಫ್ ಅಲ್ಲಾಡದಂತೆ ಬಿಗಿಯಾಗಬೇಕು. ಕ್ಲಾಂಪಿನ ಪಿನ್ನು ತನ್ನ ತೂತಿಗೆ ಪೂರ್ತಿ ಇಳಿಯದಿದ್ದರೆ ಶಿಮ್ ದಪ್ಪವಾಯಿತು ಎಂದೇ ಲೆಕ್ಕ.

ಕೆಳಗೆ ಸರಿ, ಮೇಲೆ ಒಂದು ಕಡೆಗೆ: ವಾಲಿದೆ. ಶಿಮ್ ಅನ್ನು ಕ್ಲಾಂಪಿನ ಮೇಲರ್ಧಕ್ಕೆ ಅಥವಾ ಕೆಳಗಿನ ಅರ್ಧಕ್ಕೆ ಮಾತ್ರ ಕೊಡಿ.

ಮುಂದಂಚು ಸರಿ, ಹಿಂದಂಚು ಒಂದು ಕಡೆಗೆ: ತಿರುಚಿದೆ. ಇದು ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೇ ಇದು ಅತಿ ಹೆಚ್ಚು ಕಾಡುವ ರೋಗ. ಹಲಗೆಯ ಸೀಳು ನೈಫಿನ ಮೇಲೆ ಸಲೀಸಾಗಿ ಸರಿದು, ಒಂದು ಅಂಗುಲ ಹೋಗಿ, ಆಮೇಲೆ ಬಿಗಿಯುತ್ತದೆ. ಕೆಲಸಗಾರ ಮರವನ್ನು ಬೈಯುತ್ತಾನೆ. ಶಿಮ್ ಅನ್ನು ಹಿಂದಿನ ಬೋಲ್ಟಿನ ಬಳಿ ಮಾತ್ರ ಕೊಟ್ಟು ತಿರುಚು ಬಿಡಿಸಿ.

ಎರಡು ಕಡೆಯೂ ಪೂರ್ತಿ ಸಮ ಮಾಡಲಾಗದಿದ್ದರೆ ಯಾವ ಕಡೆಗೆ ಸರಿಸಬೇಕು? ಫೆನ್ಸ್ ಇರುವ ಕಡೆಗೆ, ಹಲ್ಲಿನ ಗೆರೆಯನ್ನು ದಾಟದಷ್ಟು. ಹಾಗಿದ್ದರೆ ನಿಮ್ಮ ಮಾಲು ಫೆನ್ಸ್ ಬಿಟ್ಟು ಹಿಂದಿನ ಹಲ್ಲಿನತ್ತ ಸರಿಯಲು ಜಾಗವೇ ಇರುವುದಿಲ್ಲ. ಅದೇ ನೈಫ್ ಆಚೆ ಕಡೆಗೆ ಸರಿದಿದ್ದರೆ ಆ ಜಾಗವನ್ನು ನೀವೇ ಬಿಟ್ಟುಕೊಟ್ಟ ಹಾಗೆ.

9. ಸಂದು 3ರಿಂದ 8 ಮಿ.ಮೀ., ಎತ್ತರ ಒಂದರಿಂದ ಮೂರು ಮಿ.ಮೀ. ಕೆಳಗೆ

ಬ್ಲೇಡಿನ ಹಿಂದಿನ ಹಲ್ಲಿಗೂ ನೈಫಿನ ಮುಂದಂಚಿಗೂ ನಡುವೆ 3ಕ್ಕಿಂತ ಕಡಿಮೆ ಬೇಡ, 8ಕ್ಕಿಂತ ಹೆಚ್ಚು ಬೇಡ. ದೂರವಾದಷ್ಟೂ ಸೀಳು ಮುಚ್ಚಲು ಜಾಗ ಸಿಗುತ್ತದೆ. ನೈಫಿನ ತಲೆ ಬ್ಲೇಡಿನ ನೆತ್ತಿಗಿಂತ ಒಂದರಿಂದ ಮೂರು ಮಿ.ಮೀ. ಕೆಳಗಿದ್ದರೆ ಗಾಡಿ ಹೊಡೆಯುವಾಗಲೂ, ಅಂದರೆ ಹಲಗೆಯ ಆಚೆ ತೂರದ ಕೊಯ್ತದಲ್ಲೂ, ಅದನ್ನು ಬಿಚ್ಚಬೇಕಾಗಿಲ್ಲ. ಬಿಚ್ಚಿದ್ದು ಮತ್ತೆ ಹಾಕಲು ಮರೆಯುವುದು ಮನುಷ್ಯ ಸಹಜ. ಹಾಗಾಗಿ ಬಿಚ್ಚದಿರುವ ಎತ್ತರವೇ ಒಳ್ಳೆಯ ಎತ್ತರ.

10 ಇಂಚಿನ ಮಶೀನಿಗೆ ಉಳಿತಾಯದ ಲೆಕ್ಕದಲ್ಲಿ 9 ಇಂಚಿನ ಬ್ಲೇಡು ಹಾಕುವವರು ಗಮನಿಸಿ: ನೈಫ್ ಒಮ್ಮೆಲೇ ಹನ್ನೆರಡು-ಹದಿಮೂರು ಮಿ.ಮೀ. ದೂರವಾಯಿತು, ಬ್ಲೇಡಿಗಿಂತ ಎತ್ತರವೂ ಆಯಿತು.

10. 45 ಡಿಗ್ರಿಗೆ ವಾಲಿಸಿ ಮತ್ತೊಮ್ಮೆ ನೋಡಿ

ನೈಫ್ ಬ್ಲೇಡಿನ ಜೊತೆಗೇ ಏರಬೇಕು, ಇಳಿಯಬೇಕು, ವಾಲಬೇಕು. ಬ್ಲೇಡನ್ನು ಕೈಯಿಂದ ತಿರುಗಿಸುತ್ತ ಎಲ್ಲೂ ಉಜ್ಜುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮುಗಿಯಿತು.

11. ಅರ್ಧ ಕೊಯ್ದು ನಿಲ್ಲಿಸಿ

ಕಾಗದದ ಲೆಕ್ಕ ಎಷ್ಟೇ ಸರಿ ಬಂದರೂ ಮರ ಒಪ್ಪಬೇಕು. ನೈಫಿನ ಎರಡೂ ಮೈಗೆ ಮಾರ್ಕರ್‌ನಿಂದ ಬಣ್ಣ ಬಳಿಯಿರಿ. ಅಂಚು ನೇರ ಮಾಡಿಕೊಂಡ ಒಂದು ಗಂಟಿಲ್ಲದ ಹಲಗೆ ತೆಗೆದುಕೊಂಡು ಫೆನ್ಸಿಗೆ ಒತ್ತಿ ಒಂದಡಿಯಷ್ಟು ಕೊಯ್ಯಿರಿ. ಹಲಗೆಯನ್ನು ಹಾಗೆಯೇ ಹಿಡಿದು ಸ್ವಿಚ್ ಆಫ್ ಮಾಡಿ. ಬ್ಲೇಡು ಪೂರ್ತಿ ನಿಲ್ಲುವವರೆಗೆ ಹಂದಬೇಡಿ. ಪ್ಲಗ್ ಕಿತ್ತು, ಹಲಗೆಯನ್ನು ಹಿಂದೆ ಮುಂದೆ ಮೆಲ್ಲನೆ ಸರಿಸಿ ನೋಡಿ. ತಡೆಯಿಲ್ಲದೆ ಸರಿದಾಡಬೇಕು. ಹಲಗೆ ತೆಗೆದು ನೈಫ್ ನೋಡಿ: ಬಣ್ಣ ಯಾವ ಮೈಯಲ್ಲಿ ಅಳಿಸಿದೆಯೋ ಆ ಕಡೆ ಉಜ್ಜುತ್ತಿದೆ. ಎರಡೂ ಕಡೆ ಅಲ್ಲಲ್ಲಿ ತುಸು ಅಳಿಸಿದ್ದರೆ ಒಳ್ಳೆಯದು, ಒಂದೇ ಕಡೆ ಉದ್ದಕ್ಕೂ ಅಳಿಸಿದ್ದರೆ ಎಂಟನೆಯ ಸೂತ್ರಕ್ಕೆ ಹಿಂದಿರುಗಿ.

12. ಹಳೆ ತೇಗ ಕೊಯ್ಯುವವರಿಗೆ ಪ್ರತ್ಯೇಕವಾಗಿ

ಓಶಿವಾರದ ವಿಶೇಷವೇ ಹಳೆ ಮರ. ಹಳೆ ಮರದೊಳಗೆ ಹಳೆ ಮೊಳೆ. ತಲೆ ತುಕ್ಕು ಹಿಡಿದು ಉದುರಿರುತ್ತದೆ, ದೇಹ ಒಳಗೇ ಇರುತ್ತದೆ. ಕೊಯ್ಯುವ ಮೊದಲು ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ಆಡಿಸಿ, ಎಳೆದ ಕಡೆ ಸೀಮೆಸುಣ್ಣದ ಗುರುತು ಹಾಕಿ.

ಇದಕ್ಕೂ ನೈಫಿಗೂ ಏನು ಸಂಬಂಧ ಎನ್ನುತ್ತೀರಾ? ಮೊಳೆ ಬಡಿದು ಒಂದು ಕಡೆಯ ಹಲ್ಲು ಚಕ್ಕೆ ಹಾರಿದರೆ ಸೀಳು ಆ ಕಡೆ ತೆಳುವಾಗುತ್ತದೆ, ಬ್ಲೇಡು ಇನ್ನೊಂದು ಕಡೆಗೆ ಎಳೆಯಲು ಶುರು ಮಾಡುತ್ತದೆ. ಮೊನ್ನೆಯವರೆಗೆ ಸರಿಯಿದ್ದ ನೈಫ್ ಇವತ್ತು ಒಂದೇ ಮೈಗೆ ಉಜ್ಜುತ್ತಿದ್ದರೆ ನೈಫ್ ಮುಟ್ಟಬೇಡಿ, ಬ್ಲೇಡಿನ ಹಲ್ಲು ಎಣಿಸಿ. ಸಾಣೆಗೆ ಕೊಟ್ಟು ವಾಪಸು ಬಂದ ಬ್ಲೇಡನ್ನೂ ಹಾಗೆಯೇ ಮತ್ತೆ ಅಳೆಯಬೇಕು. ಹಲ್ಲಿನ ಪಕ್ಕ ಸವೆಸಿದ್ದರೆ 2.8 ಇದ್ದದ್ದು 2.6 ಆಗಿರಬಹುದು, ನಿಮ್ಮ ಕಾಲು ಮಿಲಿಮೀಟರಿನ ಬಿಡುವು ಅಲ್ಲಿಗೆ ಸೊರಗಿತು.

ತೊಲೆ ಸೀಳುವಾಗ ಇನ್ನೊಂದು ಮಾತು. ಎಷ್ಟೇ ಒಣಗಿದ್ದರೂ ದಪ್ಪ ತೊಲೆಯನ್ನು ಸೀಳಿದಾಗ ಒಳಗಿನ ಬಿಗಿ ಬಿಡುತ್ತದೆ. ಊರಿನಿಂದ ತರಿಸಿದ ಹಲಸಿನಲ್ಲಿ ಎಳೆ ಹೆಣೆದುಕೊಂಡಿರುವುದರಿಂದ ಯಾವ ಕಡೆ ತಿರುಗುತ್ತದೆಂದು ಹೇಳಲಾಗದು. ನೈಫಿನ ಮೇಲೆ ಸೀಳು ಬಿಗಿಯಾಗಿ ಕಚ್ಚಿಕೊಂಡರೆ ದೂಡಬೇಡಿ, ಹಿಂದಕ್ಕೆ ಎಳೆಯಲೂ ಬೇಡಿ. ಆಫ್ ಮಾಡಿ, ನಿಲ್ಲಲಿ, ಸೀಳಿಗೆ ಮರದ ಬೆಣೆ ತಟ್ಟಿ, ಆಮೇಲೆ ಮುಂದುವರಿಸಿ. ಅಲ್ಲಿ ಕಚ್ಚಿಕೊಂಡದ್ದು ನೈಫಿನ ತಪ್ಪಲ್ಲ, ಅದರ ಕೆಲಸ. ನೈಫ್ ಇಲ್ಲದಿದ್ದರೆ ಅದೇ ಮರ ಬ್ಲೇಡನ್ನು ಕಚ್ಚುತ್ತಿತ್ತು.

13. ಸುಟ್ಟ ವಾಸನೆ ಬಂದರೆ ನಿಲ್ಲಿಸಿ

ಕೊಯ್ದ ಅಂಚು ಕಂದಾಗಿದ್ದರೆ ಮೊಂಡು ಹಲ್ಲು, ಓರೆ ಫೆನ್ಸ್, ಉಜ್ಜುವ ನೈಫ್, ಈ ಮೂರರಲ್ಲಿ ಒಂದು ಕಾರಣ. ಹುಡಿ ತುಂಬಿದ ಶೆಡ್ಡಿನಲ್ಲಿ ಬಿಸಿ ಎಂದರೆ ಹುಡುಗಾಟವಲ್ಲ. 2025ರ ಫೆಬ್ರವರಿಯಲ್ಲಿ ಓಶಿವಾರದ ಮಾರ್ಕೆಟ್ಟಿನಲ್ಲಿ ದೊಡ್ಡ ಬೆಂಕಿ ಬಿದ್ದದ್ದು ಅಲ್ಲಿಯವರಿಗೆ ನೆನಪಿಸಬೇಕಾಗಿಲ್ಲ. ಮರ, ಫೋಮು, ಪಾಲಿಶ್ ಎಲ್ಲ ಒಟ್ಟಿಗಿರುವ ಕಡೆ ಕಿಡಿಗೆ ಆಹಾರ ಹುಡುಕಬೇಕಾಗಿಲ್ಲ. ಮಶೀನಿನ ಕೆಳಗಿನ ಹುಡಿಯನ್ನು ದಿನವೂ ತೆಗೆಯಿರಿ.

14. ‘ನಾವು ಪ್ಲೈ ಮಾತ್ರ ಕೊಯ್ಯೋದು’

ಪ್ಲೈ ಸೀಳು ಮುಚ್ಚುವುದಿಲ್ಲ, ನಿಜ. ಆದರೆ 8 ಅಡಿಗೆ 4 ಅಡಿಯ ಶೀಟನ್ನು ಸಣ್ಣ ಮೇಜಿನ ಮೇಲೆ ಒಬ್ಬನೇ ದೂಡುವಾಗ ಅದು ಫೆನ್ಸಿನಿಂದ ಸರಿಯದೆ ಇರುತ್ತದೆಯೇ? ಸರಿದ ಕ್ಷಣ ಮೂಲೆ ಹಿಂದಿನ ಹಲ್ಲೇರುತ್ತದೆ. ಹಗುರವಾದ ತುಂಡಾದರೆ ಇನ್ನೂ ಕೇಡು, ಗಿರ್ರನೆ ತಿರುಗಿ ಹಾರುತ್ತದೆ. ಪ್ಲೈ ಕೊಯ್ಯುವವರಿಗೆ ನೈಫ್ ಬೇಡವೆಂಬ ವಾದಕ್ಕೆ ತಳವಿಲ್ಲ.

15. ಮನೆಯಲ್ಲೇ ಮಾಡಿದ ಮೇಜುಗಳ ಕಥೆ

ಮುಂಬಯಿಯ ಸೈಟುಗಳಲ್ಲಿ ಟೇಬಲ್ ಸಾ ಎಂದರೆ ಬಹಳ ಸಲ ಒಂದು ಪ್ಲೈ, ಅದರ ಕೆಳಗೆ ತಲೆಕೆಳಗಾಗಿ ಬಿಗಿದ ವಿದ್ಯುತ್ ಕೈಗರಗಸ. ಫ್ಲಾಟಿನ ಹಾಲ್‌ನಲ್ಲಿ ಅಡುಗೆಮನೆಯ ಕಪಾಟು ಮಾಡುವವರಿಗೆ ಇದು ಅನಿವಾರ್ಯ ಎಂದು ಗೊತ್ತು, ನಾಲ್ಕನೆಯ ಮಹಡಿಗೆ ಎರಕದ ಕಬ್ಬಿಣದ ಮಶೀನು ಯಾರೂ ಹೊರುವುದಿಲ್ಲ. ಆದರೆ ಎರಡು ಬಗೆಯನ್ನು ಬೇರೆಬೇರೆಯಾಗಿ ನೋಡಬೇಕು.

ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡು ಹಾಕಿ ತಿರುವಿ ಹಿಡಿಯುವುದು ಮೊದಲ ಬಗೆ. ‘ನಾಲ್ಕೇ ಇಂಚಿಂದು, ಏನಾಗತ್ತೆ’ ಎನ್ನುತ್ತಾರೆ. 110 ಮಿ.ಮೀ. ಬ್ಲೇಡು ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಹಲ್ಲಿನ ತುದಿ ಸೆಕೆಂಡಿಗೆ 69 ಮೀಟರ್ ಓಡುತ್ತದೆ, ದೊಡ್ಡ ಮಶೀನಿಗಿಂತ ಜೋರಾಗಿ. ಅದು ಕಲ್ಲು ಕೊಯ್ಯಲು ಮಾಡಿದ್ದು. ಮರದ ಹಲ್ಲು ಅದಕ್ಕೆ ಹೇಳಿದ್ದಲ್ಲ, ನೈಫ್ ಕೂರಿಸುವ ಜಾಗವೂ ಇಲ್ಲ. ಇದಕ್ಕೆ ನನ್ನಲ್ಲಿ ಸೂತ್ರವಿಲ್ಲ, ಬೇಡವೆಂಬ ಮಾತು ಮಾತ್ರ ಇದೆ.

ಮರಕ್ಕೆಂದೇ ಮಾಡಿದ ಸರ್ಕ್ಯುಲರ್ ಸಾ ತಿರುವಿ ಬಿಗಿಯುವುದು ಎರಡನೆಯದು. ಅದಕ್ಕೆ ಬರುವಾಗಲೇ ನೈಫ್ ಇದ್ದರೆ ಬಿಚ್ಚದೆ ಹಾಗೆಯೇ ಕೂರಿಸಿ, ಪ್ಲೈಯ ಗಂಡಿಯನ್ನು ಅಷ್ಟು ಉದ್ದಕ್ಕೆ ಕೊರೆಯಿರಿ. ಇಲ್ಲದಿದ್ದರೆ ಕೊನೆಯ ಪಕ್ಷ ಒಂದು ನಿಂತ ಪಟ್ಟಿ ಹಾಕಬಹುದು. ಬ್ಲೇಡಿನ ಗಂಡಿಯನ್ನು ಅದೇ ನೇರದಲ್ಲಿ ಹಿಂದಕ್ಕೆ ಇನ್ನಷ್ಟು ಕೊಯ್ದು, ಅದರಲ್ಲಿ ಸೀಳಿಗಿಂತ ಕೂದಲಷ್ಟು ತೆಳುವಾದ ಗಟ್ಟಿ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಅಂಟಿಸಿ. ಉಕ್ಕು ಉತ್ತಮ, ಚೆನ್ನಾಗಿ ಬಲಿತ ಬಿದಿರಿನ ಸೀಳೂ ನಡೆಯುತ್ತದೆ. ಬ್ಲೇಡು ಪೂರ್ತಿ ಮೇಲಿರುವಾಗ ಹಲ್ಲಿನಿಂದ 5 ಮಿ.ಮೀ. ದೂರ ಇರಲಿ. ಇದು ಬ್ಲೇಡಿನ ಜೊತೆ ಏರುವುದಿಲ್ಲ, ವಾಲುವುದಿಲ್ಲ. ಬ್ಲೇಡು ಇಳಿಸಿದಷ್ಟೂ ಸಂದು ದೊಡ್ಡದಾಗುತ್ತದೆ. ಹಾಗಾಗಿ ಒಂದೇ ಎತ್ತರದಲ್ಲಿ, ನೇರ ಕೊಯ್ತಕ್ಕೆ ಮಾತ್ರ.

ಕಾನೂನಿನ ಮಾತು ಎತ್ತುವವರಿಗೆ: 1948ರ ಕಾರ್ಖಾನೆ ಕಾಯ್ದೆಯಡಿ ರಾಜ್ಯಗಳು ಮಾಡಿದ ನಿಯಮಗಳಲ್ಲಿ ಮರಗೆಲಸದ ಯಂತ್ರಗಳಿಗೇ ಒಂದು ಪ್ರತ್ಯೇಕ ಪರಿಶಿಷ್ಟವಿತ್ತು. ಗರಗಸದ ಹಿಂದೆ ಅದೇ ನೇರದಲ್ಲಿ ನಯವಾದ, ಗಟ್ಟಿಯಾದ, ಸುಲಭವಾಗಿ ಹೊಂದಿಸಬಹುದಾದ ರೈವಿಂಗ್ ನೈಫ್ ಇರಬೇಕು, ಅದು ಬ್ಲೇಡಿನ ಸುತ್ತಿಗೆ ಹೊಂದುವ ಕಮಾನಾಗಿರಬೇಕು ಎಂದು ಅಲ್ಲಿ ಬರೆದಿತ್ತು. ಅಮೆರಿಕದ ಹೊಸ ವಿನ್ಯಾಸದ ಮಶೀನುಗಳಿಗೆ ಅಲ್ಲಿನ ಮಾನಕ ಇದನ್ನು ಕಡ್ಡಾಯ ಮಾಡಿದ್ದು 2008ರಲ್ಲಿ. ಅಂದರೆ ನಮ್ಮ ಕಾಗದದಲ್ಲಿ ಅದು ಎಷ್ಟೋ ಮೊದಲೇ ಇತ್ತು. ನಾಲ್ಕೈದು ಜನರ ಶೆಡ್ಡು ಕಾರ್ಖಾನೆ ಎನಿಸಿಕೊಳ್ಳುವುದಿಲ್ಲವಾದ್ದರಿಂದ ಆ ಕಾಗದ ರಿಲೀಫ್ ರೋಡಿನವರೆಗೆ ಬರಲಿಲ್ಲ.

16. ನೈಫ್ ಏನನ್ನು ಮಾಡುವುದಿಲ್ಲ ಎಂಬುದೂ ಗೊತ್ತಿರಲಿ

ಬೆರಳನ್ನು ಅದು ಕಾಯುವುದಿಲ್ಲ. ಅದಕ್ಕೆ ಬ್ಲೇಡಿನ ಕವರು, ದೂಡುಗೋಲು, ನಿಮ್ಮ ಎಚ್ಚರ. ಚರ್ಮ ತಾಗಿದ ಕೂಡಲೇ ಬ್ಲೇಡನ್ನು ನಿಲ್ಲಿಸುವ ‘ಸಾಸ್ಟಾಪ್’ ತಂತ್ರವನ್ನು ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ಯೋಚಿಸಿದರು, 2004ರಲ್ಲಿ ಅಂಥ ಮಶೀನು ಮಾರಾಟಕ್ಕೆ ಬಂತು. ಬೆರಳಿನ ಮಟ್ಟಿಗೆ ಅದ್ಭುತ. ಆದರೆ ಹಾರಿಬರುವ ಹಲಗೆ ಚರ್ಮವಲ್ಲ. ಆ ದುಬಾರಿ ಮಶೀನಿನಲ್ಲೂ ಬ್ಲೇಡಿನ ಹಿಂದೆ ಇದೇ ಉಕ್ಕಿನ ಪಟ್ಟಿ ಇದೆ.

ನಿಲ್ಲುವಾಗ ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ತುಸು ಎಡಕ್ಕೆ ನಿಲ್ಲಿ. ಫೆನ್ಸ್ ಇಲ್ಲದೆ ಬರಿಗೈಯಲ್ಲಿ ಕೊಯ್ಯಬೇಡಿ. ಅಡ್ಡಕೊಯ್ತಕ್ಕೆ ಫೆನ್ಸನ್ನೂ ಮೈಟರನ್ನೂ ಒಟ್ಟಿಗೆ ಬಳಸಬೇಡಿ, ನಡುವೆ ಸಿಕ್ಕ ತುಂಡಿಗೆ ಹೋಗಲು ದಾರಿ ಇರುವುದಿಲ್ಲ.

17. ವರ್ಷಕ್ಕೆರಡು ಸಲ, ತಪ್ಪದೆ

ಬ್ಲೇಡು ಬದಲಿಸಿದಾಗಲೆಲ್ಲ ಮೂರನೆಯ ಸೂತ್ರ ಮಾತ್ರ ಸಾಕು. ಇಡೀ ಪರೀಕ್ಷೆಗೆ ಎರಡು ದಿನ ಇಟ್ಟುಕೊಳ್ಳಿ. ಒಂದು, ಮೇ ಕೊನೆ, ಮಳೆ ಬೀಳುವ ಮೊದಲು: ನೈಫಿಗೂ ಎರಕದ ಮೇಜಿಗೂ ಮೇಣ ಸವರಿ, ತುಕ್ಕು ತಡೆಯುತ್ತದೆ, ಮಾಲೂ ಜಾರುತ್ತದೆ. ಎಣ್ಣೆ ಹಚ್ಚಬೇಡಿ, ಹುಡಿ ಹಿಡಿದು ಮರಕ್ಕೆ ಕಲೆ ಬೀಳುತ್ತದೆ. ಇನ್ನೊಂದು ಮಳೆ ಮುಗಿಯುವ ಹೊತ್ತಿಗೆ. ಶೆಡ್ಡಿನ ಉತ್ತರದ ಹುಡುಗರು ಸಾಮಾನ್ಯವಾಗಿ ಸೆಪ್ಟೆಂಬರ್ 17ಕ್ಕೆ ವಿಶ್ವಕರ್ಮ ಪೂಜೆ ಮಾಡುತ್ತಾರೆ, ನಮ್ಮವರದ್ದು ನವರಾತ್ರಿಯ ಆಯುಧ ಪೂಜೆ. ಎರಡರಲ್ಲಿ ಯಾವುದಾದರೂ ಸರಿ, ಹೇಗೂ ಆ ದಿನ ಮಶೀನು ಓಡುವುದಿಲ್ಲ, ತೊಳೆದು ಒರೆಸುತ್ತೀರಿ. ಹೂ ಏರಿಸುವ ಮೊದಲೇ ಸ್ಕೇಲು, ಕಾಗದ, ಕ್ಯಾನಿನ ತಗಡು ಹಿಡಿದು ಕೂತರೆ ಮಾಲೆ ಕಟ್ಟಿ ಮುಗಿಯುವಷ್ಟರಲ್ಲಿ ಕೆಲಸ ಆಗಿರುತ್ತದೆ. ಕುಂಕುಮವನ್ನು ಕ್ಲಾಂಪಿನ ಬಾಯಿಗೆ ಮಾತ್ರ ಹಚ್ಚಬೇಡಿ.